ಗೇಯೋ ಮೈಗೂ ಕಸರತ್ತು

ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಹುಳುವಿನ ಹಸಿವು ರೇಷ್ಮೆ ಮಾಡಿದವರಿಗೇ ಗೊತ್ತು. ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಅದು ಆ ಕೊನೆಯ ವಾರದಲ್ಲೇ ಮುಗಿಸುತ್ತದೆ. ಅಂಥದೊಂದು ಬೆಳಗ್ಗೆ, ಸಾತನೂರಿನ ನಮ್ಮ ತೋಟದಲ್ಲಿ ಹೊರೆ ಎತ್ತಲು ಬಗ್ಗಿದವಳಿಗೆ ಸೊಂಟ ಹಿಡಿದುಕೊಂಡಿತು. ಏಳಲಾಗದೆ ಬದುವಿನ ಮೇಲೇ ಕೂತೆ. ದೂರದಲ್ಲಿ ಕಬ್ಬಾಳು ಬೆಟ್ಟ, ಪಕ್ಕದಲ್ಲಿ ಬಿಸಿಲಿಗೆ ಬಾಡುತ್ತಿದ್ದ ಸೊಪ್ಪು. ನನಗಾಗ 47 ವರ್ಷ.

ಡಾಕ್ಟರು ನೋಡಿ, ಸೊಂಟದ ಸುತ್ತಲಿನ ಮಾಂಸಖಂಡಕ್ಕೆ ಬಲ ಸಾಲದು, ವ್ಯಾಯಾಮ ಮಾಡಿ ಎಂದರು. ನನಗೆ ಕೋಪ ಬಂತು. ಇಪ್ಪತ್ತೈದು ವರ್ಷ ಹೊರೆ ಹೊತ್ತವಳಿಗೆ ಬಲ ಸಾಲದೆಂದರೆ ಏನರ್ಥ? ಗೇಯೋರಿಗೆ ಯಾಕೆ ಕಸರತ್ತು ಎಂದು ನಮ್ಮ ಕಡೆ ಎಲ್ಲರೂ ಅನ್ನುತ್ತಾರೆ. ನಾನೂ ಅಂದುಕೊಂಡು ಬಂದಿದ್ದೆ.

ಆ ವರ್ಷವೇ ನನ್ನ ತಂಗಿಯ ಮಗ ಕೆಲಸದ ಮೇಲೆ ಜರ್ಮನಿಗೆ ಹೊರಟ. ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದ ಸ್ಮಾರ್ಟ್ ಜಿಮ್ ಯಂತ್ರವನ್ನು "ದೊಡ್ಡಮ್ಮ, ನೀವೇ ಇಟ್ಕೊಳ್ಳಿ" ಎಂದು ತಂದಿಳಿಸಿದ. ಗೋಡೆಗೆ ಕೂರಿಸುವ ಉದ್ದನೆಯ ಪೆಟ್ಟಿಗೆ. ಒಳಗೆ ಕಬ್ಬಿಣದ ಬಿಲ್ಲೆಗಳಿಲ್ಲ. ಒಂದು ಮೋಟಾರು ಹಗ್ಗವನ್ನು ತನ್ನ ಕಡೆ ಎಳೆದು ಹಿಡಿಯುತ್ತದೆ, ಆ ಎಳೆತವೇ ಭಾರ. ಬೆಂಗಳೂರಿನಲ್ಲೇ ಅರೋಲೀಪ್ ಎಂಬ ಕಂಪನಿ ಇಂಥದ್ದನ್ನು ಮಾಡುತ್ತದೆ, ಐಐಟಿ ದೆಹಲಿಯಲ್ಲಿ ಓದಿದ ಹುಡುಗರು ಕಟ್ಟಿದ್ದು. ನಮ್ಮದು ಬೇರೆ, ಹೊರದೇಶದ್ದು.

ಹಳೇ ಮನೆಯ ಗೋಡೆಗೆ ಡ್ರಿಲ್ ಇಟ್ಟರೆ ಮಣ್ಣು ಸುರಿಯಿತು, ಬೋಲ್ಟು ನಿಲ್ಲಲಿಲ್ಲ. ಕೊನೆಗೆ ಹುಳುಮನೆ ಪಕ್ಕದ ಹೊಸ ರೂಮಿನಲ್ಲಿ ಕಾಂಕ್ರೀಟ್ ಕಂಬಕ್ಕೆ ಕೂರಿಸಿದೆವು. ಹಳ್ಳಿಯಲ್ಲಿ ಇಂಥದ್ದನ್ನು ಕೊಳ್ಳುವವರು ಮೊದಲು ಗೋಡೆ ನೋಡಿಕೊಳ್ಳಬೇಕು.

ಹೊರೆಯ ಲೆಕ್ಕದಲ್ಲಿ 20 ಕೆಜಿ ಇಟ್ಟು ಶುರು ಮಾಡಿದೆ. ನಾಲ್ಕನೇ ಎಳೆತಕ್ಕೆ ಬೆನ್ನು ಬಾಗಿತು. ತಂಗಿಯ ಮಗ ಫೋನಿನಲ್ಲೇ ಇಳಿಸಿ ಇಳಿಸಿ 6 ಕೆಜಿಗೆ ತಂದ. ಆ 6 ಕೆಜಿಯನ್ನು ಬೆನ್ನು ನೆಟ್ಟಗಿಟ್ಟು ಹತ್ತು ಸಲ ಎಳೆಯುವಷ್ಟರಲ್ಲಿ ತೊಡೆ ನಡುಗಿತು. ಡಾಕ್ಟರು ಹೇಳಿದ್ದು ನಿಜವೆಂದು ಅವತ್ತು ಒಪ್ಪಿಕೊಂಡೆ.

ಸೊಪ್ಪಿನ ಹೊರೆ ನಮ್ಮ ಮೈಯನ್ನು ಕೇಳಿಕೊಂಡು ಭಾರವಾಗುವುದಿಲ್ಲ. ಜ್ವರ ಬಂದ ದಿನವೂ ಅಷ್ಟೇ ತೂಕ, ನಿದ್ದೆಗೆಟ್ಟ ದಿನವೂ ಅಷ್ಟೇ. ಎತ್ತುವುದು ಯಾವಾಗಲೂ ಒಂದೇ ಮಗ್ಗುಲಿಗೆ ತಿರುಗಿ, ಇಳಿಸುವುದು ದೊಪ್ಪನೆ ಎಸೆದು. ಯಂತ್ರದಲ್ಲಿ ಹಾಗಿರಲಿಲ್ಲ. ಈ ವಾರ 6, ಮುಂದಿನ ವಾರ ಆರೂವರೆ. ಎಳೆದದ್ದನ್ನು ಬಿಡುವಾಗಲೂ ಮೂರು ಎಣಿಸುತ್ತಾ ನಿಧಾನಕ್ಕೆ ಬಿಡಬೇಕು. ಬಲ ಹೆಚ್ಚು ಕೂಡುವುದು ಆ ಬಿಡುವ ಹೊತ್ತಿನಲ್ಲೇ ಎಂದು ನನ್ನ ಮೈ ಹೇಳುತ್ತದೆ. ಗರಡಿಮನೆಯಲ್ಲೂ ಹುಡುಗರ ಕೈಗೆ ಮೊದಲ ದಿನವೇ ದೊಡ್ಡ ಗದೆ ಕೊಡುತ್ತಿರಲಿಲ್ಲ. ದಂಡ ಹೊಡೆಸಿ, ಬಸ್ಕಿ ಹೊಡೆಸಿ, ಮೈ ಹದವಾದ ಮೇಲೆ ಗದೆ. ಆ ವಿದ್ಯೆ ನಮ್ಮ ನೆಲದಲ್ಲೇ ಇತ್ತು. ಗರಡಿಯ ಹೊಸ್ತಿಲು ತುಳಿಯಲು ನಮ್ಮಂಥ ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲ, ಅಷ್ಟೇ. ಯಂತ್ರದ ಮುಂದೆ ನಿಂತಾಗಲೆಲ್ಲ ನನಗೆ ಅದು ನೆನಪಾಗಿ ಸಂಕಟವಾಗುತ್ತದೆ.

ತಪ್ಪುಗಳೂ ಆದವು. ಮೊದಲ ತಿಂಗಳು ದಿನಾ ಮಾಡಿ ಮಂಡಿ ಊದಿಸಿಕೊಂಡೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 2 ದಿನ ಬಲದ ವ್ಯಾಯಾಮ ಎಂದು. ಈಗ ಮೂರೇ ದಿನ ಮಾಡುತ್ತೇನೆ. ಒಂದು ಮಳೆಗಾಲದ ಸಂಜೆ ಹಿಂದಕ್ಕೆ ವಾಲಿ ಎಳೆಯುತ್ತಿದ್ದಾಗ ಕರೆಂಟು ಹೋಯಿತು. ಮೋಟಾರು ನಿಂತದ್ದೇ ಹಗ್ಗ ಸಡಿಲವಾಗಿ ಹಿಂದಕ್ಕೆ ಬಿದ್ದೆ, ಮೊಣಕೈ ತರಚಿತು. ಆಮೇಲಿಂದ ಒಂದು ಕಾಲು ಹಿಂದಿಟ್ಟೇ ನಿಲ್ಲುತ್ತೇನೆ, ಮೋಡ ಕವಿದರೆ ಕೆಳಗೆ ಕೂತು ಎಳೆಯುತ್ತೇನೆ.

ಊಟದ ವಿಷಯ ತಿಳಿದದ್ದು ತಡವಾಗಿ. ನಮ್ಮ ದೇಶದ ಪೋಷಣೆಯ ಲೆಕ್ಕದಲ್ಲಿ ಮೈತೂಕದ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. 58 ಕೆಜಿಯ ನನಗೆ ದಿನಕ್ಕೆ 48 ಗ್ರಾಂ. 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 7 ಗ್ರಾಂ, ಹುರುಳಿಯಲ್ಲಿ ಅದರ ಮೂರು ಪಟ್ಟು. ಮನೆಯಲ್ಲಿ ಹುರುಳಿಗೇನೂ ಕೊರತೆಯಿರಲಿಲ್ಲ. ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯವನ್ನು ಮಕ್ಕಳಿಗೂ ಅವರಪ್ಪನಿಗೂ ಬಡಿಸಿ, ನಾನು ಮುದ್ದೆಗೆ ಬರೀ ಸಾರು ಹಾಕಿಕೊಂಡು ಏಳುತ್ತಿದ್ದೆ. ಮೊಟ್ಟೆಯ ಕಥೆಯೂ ಅದೇ. ಈಗ ಮೊದಲೇ ನನ್ನ ಪಾಲನ್ನು ಒಂದು ಬಟ್ಟಲಿಗೆ ತೆಗೆದಿಡುತ್ತೇನೆ. ಹಾಗೆ ತೆಗೆದಿಡಲು ಮೊದಮೊದಲು ಕೈ ಬರುತ್ತಿರಲಿಲ್ಲ.

ನಾಲ್ಕು ತಿಂಗಳಿಗೆ 6 ಕೆಜಿ 19 ಆಯಿತು. ಮುಂದಿನ ಬೆಳೆಯಲ್ಲಿ ಹೊರೆಯನ್ನು ಮೈಗೆ ಹತ್ತಿರ ಎಳೆದುಕೊಂಡು, ಮಂಡಿ ಮಡಿಚಿ, ಉಸಿರು ಬಿಡುತ್ತಾ ಎತ್ತಿದೆ. ಸೊಂಟ ಸುಮ್ಮನಿತ್ತು.

ಇದೆಲ್ಲವನ್ನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ನಮ್ಮತ್ತೆ. 74 ವರ್ಷ, ಮಣೆಯಿಂದ ಏಳಲು ಗೋಡೆ ಹಿಡಿಯುತ್ತಾರೆ. ಒಂದು ದಿನ ಅವರೇ ಒಳಗೆ ಬಂದರು. ಕುರ್ಚಿ ಹಾಕಿ ಕೂರಿಸಿ, 2 ಕೆಜಿಗೆ ಇಳಿಸಿ ಹಿಡಿ ಕೊಟ್ಟೆ. ಎಳೆದು ನೋಡಿ, "ಬಾವಿ ಹಗ್ಗ ಇದ್ದಂಗದೆ ಕಣವ್ವ" ಎಂದರು. ಯಂತ್ರದ ಪರದೆ ಎಣಿಸುವುದನ್ನು ಅವರು ನೋಡಲೇ ಇಲ್ಲ. ಕಣದಲ್ಲಿ ರಾಗಿ ಅಳೆಯುವಾಗಿನಂತೆ ತಾವೇ ಎಣಿಸತೊಡಗಿದರು: "ಲಾಭ, ಎರಡು, ಮೂರು..." ಹತ್ತಕ್ಕೆ ಸಾಕು ಅತ್ತೆ ಎಂದೆ. ಹನ್ನೆರಡಾದ ಮೇಲೆ ಹಿಡಿ ಬಿಟ್ಟರು.