ಸಂಶಯವು ಪುರಾವೆಯಲ್ಲ

ಮದುವೆಯ ಮನೆ. ನೆಂಟರು ಬಂದು ಹೋಗುತ್ತಿದ್ದಾರೆ. ಕಪಾಟಿನಲ್ಲಿಟ್ಟಿದ್ದ ಚಿನ್ನದ ಬಳೆ ಕಾಣೆಯಾಗಿದೆ. ಸಂಶಯ ಯಾರ ಮೇಲೆ? ನೆಂಟರ ಮೇಲಲ್ಲ, ಪಾತ್ರೆ ತೊಳೆಯಲು ಬರುವ ಬಡ ಹೆಂಗಸಿನ ಮೇಲೆ. ಠಾಣೆಗೆ ದೂರು ಹೋಗುತ್ತದೆ. ಮನೆಯ ಯಜಮಾನರು ದೂರಿನ ಜೊತೆಗೆ ಒಂದು ಮಾತನ್ನೂ ಸೇರಿಸುತ್ತಾರೆ: "ಎರಡು ಬಿಗಿದರೆ ಬಾಯಿ ಬಿಡುತ್ತಾಳೆ ಸಾರ್."

ಪ್ರಿಯ ಓದುಗರೇ, ಇಂತಹ ಮಾತು ನಮ್ಮ ಮನೆಗಳಲ್ಲಿ ಎಂದೂ ಕೇಳಿಬಂದಿಲ್ಲವೆಂದು ಎದೆ ತಟ್ಟಿ ಹೇಳಬಲ್ಲಿರಾ? ಅದೇ ಮನೆಯ ಮಗನನ್ನು ಪೊಲೀಸರು ಯಾವುದೋ ಸಂಶಯದ ಮೇಲೆ ಕರೆದೊಯ್ದರೆ ಆಗ ನಮಗೆ ಕಾನೂನು, ಹಕ್ಕು, ನ್ಯಾಯ ಎಲ್ಲವೂ ನೆನಪಾಗುತ್ತವೆ. ಆದರೆ ಅಲ್ಲಾಹನ ಬಳಿ ನ್ಯಾಯಕ್ಕೆ ಎರಡು ತಕ್ಕಡಿಗಳಿಲ್ಲ. ಹೆಚ್ಚಿನ ಗುಮಾನಿಗಳಿಂದ ದೂರವಿರಬೇಕೆಂದೂ ಪರರ ಗುಟ್ಟು ಕೆದಕಬಾರದೆಂದೂ ಸೂರಃ ಅಲ್ ಹುಜುರಾತ್ ನಮಗೆ ಆದೇಶಿಸುತ್ತದೆ. ಈ ಆದೇಶ ಪೊಲೀಸರಿಗಿಂತ ಮೊದಲು ನಮಗೇ ಅನ್ವಯಿಸುತ್ತದೆ.

ನೇಕಾರರ ಪ್ರಕರಣ

ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಒಂದು ಘಟನೆ ಇದೆ. ಕೆಲವರ ಸರಕು ಕಳವಾಯಿತು. ಅವರು ಕೆಲವು ನೇಕಾರರ ಮೇಲೆ ಆರೋಪ ಹೊರಿಸಿ ಪ್ರವಾದಿಯವರ(ಸ) ಸಂಗಾತಿ ಹ. ನುಅ್‌ಮಾನ್ ಬಿನ್ ಬಶೀರ್‌ರಲ್ಲಿ(ರ) ದೂರಿತ್ತರು. ಅವರು ನೇಕಾರರನ್ನು ಕೆಲವು ದಿನ ತಡೆದಿಟ್ಟು ಬಳಿಕ ಬಿಡುಗಡೆ ಮಾಡಿದರು. ಹೊಡೆದು ವಿಚಾರಿಸದೆ ಬಿಟ್ಟದ್ದೇಕೆಂದು ದೂರುದಾರರು ಆಕ್ಷೇಪಿಸಿದರು. ಹ. ನುಅ್‌ಮಾನ್(ರ) ಕೊಟ್ಟ ಉತ್ತರದ ಸಾರಾಂಶ ಇಷ್ಟು: ನೀವು ಬಯಸಿದರೆ ಹೊಡೆಸುತ್ತೇನೆ, ಸರಕು ಅವರಲ್ಲಿ ಸಿಕ್ಕಿದರೆ ಸರಿ, ಸಿಗದಿದ್ದರೆ ಅಷ್ಟೇ ಏಟು ನಿಮ್ಮ ಬೆನ್ನಿಗೆ ಬೀಳುತ್ತದೆ. ಇದು ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ತೀರ್ಪೆಂದೂ ಅವರು ಸ್ಪಷ್ಟಪಡಿಸಿದರು.

ಇಲ್ಲಿ ಎರಡು ಪಾಠಗಳಿವೆ. ವಿಚಾರಣೆಗಾಗಿ ತಡೆದಿಡುವ ಅಧಿಕಾರ ಆಡಳಿತಕ್ಕೆ ಇದೆ. ಆದರೆ ಆ ಅಧಿಕಾರಕ್ಕೆ ಎಲ್ಲೆಯೂ ಇದೆ. ಹೊಡೆಸಲು ಒತ್ತಾಯಿಸುವ ದೂರುದಾರನೂ ಆ ಪಾಪದಲ್ಲಿ ಪಾಲುದಾರನಾಗುತ್ತಾನೆ.

ಸಹೀಹ್ ಮುಸ್ಲಿಮ್‌ನಲ್ಲಿ ಇನ್ನೊಂದು ವರದಿಯಿದೆ. ಶಾಮ್ ನಾಡಿನಲ್ಲಿ ತೆರಿಗೆ ಬಾಕಿಗಾಗಿ ಮುಸ್ಲಿಮೇತರ ಬೇಸಾಯಗಾರರನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದನ್ನು ಹ. ಹಿಶಾಮ್ ಬಿನ್ ಹಕೀಮ್(ರ) ಕಂಡರು. ಇಹಲೋಕದಲ್ಲಿ ಜನರನ್ನು ಹಿಂಸಿಸುವವರನ್ನು ಅಲ್ಲಾಹನು ಶಿಕ್ಷಿಸುವನೆಂದು ಪ್ರವಾದಿಯವರಿಂದ(ಸ) ಕೇಳಿದ್ದನ್ನು ಅವರು ಅಧಿಕಾರಿಗೆ ನೆನಪಿಸಿದರು. ಅಧಿಕಾರಿ ಅವರೆಲ್ಲರನ್ನೂ ಬಿಡಿಸಿದರು. ಹಿಂಸೆಗೊಳಗಾದವನ ಧರ್ಮ ಯಾವುದೆಂದು ಹ. ಹಿಶಾಮ್(ರ) ನೋಡಲಿಲ್ಲ.

ದೇಶದ ಕಾನೂನು ಏನು ಹೇಳುತ್ತದೆ?

ನಮ್ಮ ಸಂವಿಧಾನವೂ ಪೊಲೀಸರ ಅಧಿಕಾರಕ್ಕೆ ಎಲ್ಲೆ ಹಾಕಿದೆ. ಬಂಧಿತನಿಗೆ ಬಂಧನದ ಕಾರಣ ತಿಳಿಸಬೇಕು, ಅವನಿಗೆ ವಕೀಲರನ್ನು ಕಾಣಲು ಅವಕಾಶ ಕೊಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು 22ನೇ ವಿಧಿ ಹೇಳುತ್ತದೆ. ಮುನ್ನೆಚ್ಚರಿಕೆಯ ಬಂಧನದ ನಿಯಮಗಳು ಮಾತ್ರ ಬೇರೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂಬುದು 20ನೇ ವಿಧಿಯಲ್ಲಿದೆ.

ಠಾಣೆಗಳಲ್ಲಾಗುವ ಸಾವುಗಳ ಬಗ್ಗೆ ಪಶ್ಚಿಮ ಬಂಗಾಳದಿಂದ 1986ರಲ್ಲಿ ಬಂದ ಒಂದು ಪತ್ರವನ್ನೇ ಸುಪ್ರೀಮ್ ಕೋರ್ಟು ಅರ್ಜಿಯಾಗಿ ಸ್ವೀಕರಿಸಿತು. ಅದುವೇ ಡಿ.ಕೆ. ಬಸು ಪ್ರಕರಣ. ಬಂಧಿಸುವ ಅಧಿಕಾರಿ ಹೆಸರಿನ ಪಟ್ಟಿ ಧರಿಸಿರಬೇಕು, ಬಂಧನ ಪತ್ರಕ್ಕೆ ಸಾಕ್ಷಿಯ ಸಹಿ ಬೇಕು, ಬಂಧಿತನಿಗೆ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕು ಎಂದು 1996ರ ತೀರ್ಪು ವಿಧಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ, ಬಂಧನದ ಸುದ್ದಿಯನ್ನು ಬಂಧುಗಳಿಗೆ ಅಥವಾ ಮಿತ್ರರಿಗೆ ತಿಳಿಸಬೇಕೆಂಬ ನಿಯಮವಿದೆ. ಅಸಾಧಾರಣ ಸಂದರ್ಭದ ಹೊರತು ಸ್ತ್ರೀಯನ್ನು ಸೂರ್ಯಾಸ್ತದ ಬಳಿಕ, ಸೂರ್ಯೋದಯಕ್ಕೆ ಮುನ್ನ ಬಂಧಿಸುವಂತಿಲ್ಲ. ಅಂತಹ ಸಂದರ್ಭದಲ್ಲೂ ಮಹಿಳಾ ಪೊಲೀಸ್ ಅಧಿಕಾರಿಯು ಮೊದಲೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು.

ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಮಾನ್ಯವಾಗಿ ಆರೋಪಿಯ ವಿರುದ್ಧ ಪುರಾವೆಯಾಗಿ ಬಳಸುವಂತಿಲ್ಲ. ಅದರಿಂದ ಕಳವಿನ ವಸ್ತುವೇ ಪತ್ತೆಯಾದರೆ ಅಷ್ಟರ ಮಟ್ಟಿಗೆ ಮಾತ್ರ ವಿನಾಯಿತಿ ಇದೆ. ಹೀಗೆ ಏಟಿನಿಂದ ಬಿಡಿಸಿದ ಬಾಯಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಖಲೀಫಾ ಹಾರೂನ್ ರಶೀದರಿಗಾಗಿ ಬರೆದ 'ಕಿತಾಬುಲ್ ಖರಾಜ್'ನಲ್ಲಿ ಇಮಾಮ್ ಅಬೂ ಯೂಸುಫ್(ರಹ್) ಕೂಡಾ ಬರಿಯ ಆರೋಪದ ಮೇಲೆ ಜನರನ್ನು ಸೆರೆಯಲ್ಲಿಡುವುದನ್ನು ಖಂಡಿಸಿದ್ದಾರೆ.

ನಮ್ಮ ಮೇಲಿನ ಹೊಣೆ

ಮನೆಯವರನ್ನು ಯಾರನ್ನಾದರೂ ಪೊಲೀಸರು ಕರೆದೊಯ್ದರೆ ಗದ್ದಲ ಮಾಡಬೇಡಿ, ಅಡ್ಡಗಟ್ಟಬೇಡಿ. ಯಾವ ಠಾಣೆ, ಯಾವ ಕಾರಣ, ಯಾವ ಅಧಿಕಾರಿ ಎಂದು ವಿನಯದಿಂದ ಕೇಳಿ, ಸಮಯವನ್ನು ಬರೆದಿಡಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಕಟ್ಟಿ ಕೂರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವವರು, ಸ್ತ್ರೀಯರು ಮತ್ತು ಮಕ್ಕಳು ಉಚಿತ ನೆರವಿಗೆ ಅರ್ಹರು. ಅದರ ಸಹಾಯವಾಣಿ 15100.

ಆದರೆ ತಪ್ಪು ಮಾಡಿದವನು ನಮ್ಮವನೆಂದು ಸುಳ್ಳು ಸಾಕ್ಷ್ಯ ನುಡಿಯಬಾರದು. ಸ್ವಂತ ತಂದೆತಾಯಿ, ಬಂಧುಗಳ ವಿರುದ್ಧವಾದರೂ ಸತ್ಯಕ್ಕೆ ಸಾಕ್ಷಿಗಳಾಗಬೇಕೆಂದು ಸೂರಃ ಅನ್ನಿಸಾ ಬೋಧಿಸುತ್ತದೆ. ಹಕ್ಕು ಇರುವುದು ಅಪರಾಧವನ್ನು ಮುಚ್ಚಿಡಲಿಕ್ಕಲ್ಲ, ಸತ್ಯವನ್ನು ಸರಿಯಾದ ದಾರಿಯಿಂದ ಹೊರತರಲಿಕ್ಕೆ.

ನಿಮ್ಮ ಮನೆಯಲ್ಲಿ ಕಳವಾದರೆ ದೂರು ಕೊಡಿ, ಅದು ನಿಮ್ಮ ಹಕ್ಕು. ಕಂಡದ್ದನ್ನು ಕಂಡಂತೆ ಬರೆಯಿರಿ. ಊಹೆಯನ್ನು ಪುರಾವೆಯೆಂದು ಬರೆಯಬೇಡಿ.

ಬಳೆ ನಾಳೆ ಹಾಸಿಗೆಯ ಮಡಿಕೆಯಲ್ಲಿ ಸಿಗಬಹುದು. ಆದರೆ ಠಾಣೆಯ ಮೆಟ್ಟಿಲಿನಲ್ಲಿ ಕಳೆದುಹೋದ ಆ ಹೆಂಗಸಿನ ಮಾನವನ್ನು ಎಲ್ಲಿ ಹುಡುಕೋಣ? ಅದು ದಾಸರ ಹಕ್ಕು, ಹಕ್ಕುಲ್ ಇಬಾದ್. ಆಕೆ ಕ್ಷಮಿಸದೆ ನಮ್ಮ ನಮಾಝು, ಉಪವಾಸಗಳಿಂದ ಅದು ತೀರದು. ಹಾಗೆ ಯಾರಿಗಾದರೂ ಅನ್ಯಾಯ ಮಾಡಿದ್ದರೆ ಇಂದೇ ಅವರ ಮನೆ ಬಾಗಿಲಿಗೆ ಹೋಗಿ ಕ್ಷಮೆ ಕೇಳೋಣ. ಅಲ್ಲಾಹನು ನಮ್ಮನ್ನು ಮರ್ದಿತರ ಶಾಪದಿಂದ ಕಾಪಾಡಲಿ, ಆಮೀನ್.