ದಡಾರದ ಗುರುತು ರಕ್ತದಲ್ಲಿ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯ ಕೆಲಸವನ್ನು ಕೈಕೊಂಡವರು ಅನೇಕರು. ಪರದೇಶದ ಆಸ್ಪತ್ರೆಗಳನ್ನು ಸೇರಬಯಸುವವರಿಗೆ, ದಡಾರದ ವಿಷಯದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡು ಬರುವಂತೆ ಹೇಳುವುದುಂಟು. ಮೈಮೇಲೆ ಒಂದು ಗುಳ್ಳೆಯೂ ಇಲ್ಲದ ಮಗಳಿಗೆ ಈ ಪರೀಕ್ಷೆಯೇಕೆಂದು ತಾಯಂದಿರು ಬೆರಗಾಗುವುದು ಸಹಜವೇ.

ದಡಾರವು ಒಮ್ಮೆ ಬಂದವರಿಗೆ ಮರಳಿ ಬರುವುದು ಅಪರೂಪವೆಂಬುದನ್ನು ನಮ್ಮ ಅಜ್ಜಿಯಂದಿರೂ ಬಲ್ಲರು. ಇದಕ್ಕೆ ದೃಢವಾದ ಸಾಕ್ಷಿಯು ದೊರೆತದ್ದು ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಲ್ಲಿ. 1781ರ ತರುವಾಯ ಅಲ್ಲಿ ದಡಾರವು ಕಾಣಿಸಿಕೊಂಡಿರಲಿಲ್ಲ. 1846ರಲ್ಲಿ ಅದು ಮತ್ತೆ ಬಂದು, ಏಳುಸಾವಿರದ ಏಳುನೂರಕ್ಕೆ ಮಿಕ್ಕಿದ ನಿವಾಸಿಗಳಲ್ಲಿ ಸುಮಾರು 6,000 ಮಂದಿಯನ್ನು ಹಿಡಿಯಿತು. ಡೆನ್ಮಾರ್ಕಿನಿಂದ ಅಲ್ಲಿಗೆ ಕಳುಹಿಸಲ್ಪಟ್ಟ ಪೀಟರ್ ಪಾನುಮ್ ಎಂಬ ತರುಣ ವೈದ್ಯನು ವಿಚಾರಿಸಿ ನೋಡಲಾಗಿ, ಹಿಂದೆ ದಡಾರವೆದ್ದಿದ್ದ ಮುದುಕರಲ್ಲಿ ಅವನು ಕಂಡ ಒಬ್ಬರಿಗೂ ಅದು ಮರುಕಳಿಸಿರಲಿಲ್ಲ. 65 ವರ್ಷಗಳ ಹಿಂದಿನ ಬೇನೆಯನ್ನು ಅವರ ಶರೀರವು ಮರೆತಿರಲಿಲ್ಲ!

ಈ ನೆನಪಿನ ಒಂದು ಕುರುಹೇ ರಕ್ತದಲ್ಲಿರುವ ಪ್ರತಿಕಾಯಗಳು. ಪರೀಕ್ಷಾಲಯದಲ್ಲಿ ರಕ್ತವು ಹೆಪ್ಪುಗಟ್ಟಿದ ಮೇಲೆ ಅದರ ತಿಳಿಯನ್ನು ಬೇರ್ಪಡಿಸುವರು. ಚಿಕ್ಕ ಚಿಕ್ಕ ಗುಳಿಗಳುಳ್ಳ ಒಂದು ತಟ್ಟೆಯಲ್ಲಿ ದಡಾರದ ವೈರಾಣುವಿನ ಅಂಶವನ್ನು ಮೊದಲೇ ಅಂಟಿಸಿರುತ್ತಾರೆ. ಆ ತಿಳಿಯನ್ನು ಅದರಲ್ಲಿ ಹಾಕಿದರೆ ದಡಾರದ ಪ್ರತಿಕಾಯಗಳು ಅಲ್ಲಿಯೇ ಕಚ್ಚಿಕೊಳ್ಳುವವು. ಮಿಕ್ಕದ್ದೆಲ್ಲ ತೊಳೆದರೆ ಹೋಗುವುದು. ಕಚ್ಚಿಕೊಂಡವುಗಳನ್ನು ಹುಡುಕಿ ಹಿಡಿಯುವ ಮತ್ತೊಂದು ಪದಾರ್ಥವನ್ನು ಬಳಿಕ ಸೇರಿಸಿ, ಬಣ್ಣವೇಳುವಂತೆ ಮಾಡುವರು. ಬಣ್ಣವು ಗಾಢವಾದಷ್ಟೂ ಪ್ರತಿಕಾಯಗಳು ಹೆಚ್ಚೆಂದು ತಿಳಿಯತಕ್ಕದ್ದು. ಇವುಗಳಲ್ಲಿ ಐಜಿಎಂ ಎಂಬ ಬಗೆಯು ಸಾಮಾನ್ಯವಾಗಿ ಈಚೆಗೆ ತಗಲಿದ ಸೋಂಕನ್ನೋ ಈಚೆಗೆ ಹಾಕಿಸಿಕೊಂಡ ಲಸಿಕೆಯನ್ನೋ, ಐಜಿಜಿ ಎಂಬುದು ನೆಲೆನಿಂತ ರಕ್ಷಣೆಯನ್ನೂ ಸೂಚಿಸುವುವು.

ಆದರೆ ಬಣ್ಣವೇಳಲಿಲ್ಲವೆಂದು ಕೂಡಲೇ ಎದೆಗುಂದಬೇಕಾಗಿಲ್ಲ. ಲಸಿಕೆಯಿಂದ ಬಂದ ಪ್ರತಿಕಾಯಗಳು ಅಲ್ಪವಾಗಿದ್ದರೆ ಈ ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗುವುದುಂಟು. ಆದುದರಿಂದಲೇ ಅಮೆರಿಕದ ರೋಗನಿಯಂತ್ರಣ ಕೇಂದ್ರವು, ಎರಡು ಸಲ ಲಸಿಕೆ ಹಾಕಿಸಿಕೊಂಡುದಕ್ಕೆ ಬರಹದ ದಾಖಲೆಯಿದ್ದರೆ ಪರೀಕ್ಷೆಯ ಫಲಕ್ಕಿಂತ ಅದನ್ನೇ ಮೇಲೆಂದು ಎಣಿಸುತ್ತದೆ. ನಮ್ಮ ದೇಶದಲ್ಲಿ ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆಯೂ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆಯೂ ಈ ಲಸಿಕೆಯನ್ನು ಕೊಡುವರು. ಆ ಚೀಟಿಯನ್ನು ಒಡವೆಯಂತೆ ಕಾಪಾಡಿ, ಮದುವೆಯಾಗಿ ಹೊರಡುವ ಮಗಳ ಕೈಗೆ ಕೊಡಿರಿ. ಅಂಕಪಟ್ಟಿಗಳನ್ನು ಜೋಪಾನವಾಗಿಟ್ಟು ಈ ಚೀಟಿಯನ್ನು ಕಳೆದುಕೊಂಡ ಮನೆಗಳೇ ಹೆಚ್ಚೆಂದು ನನಗೆ ತೋರುತ್ತದೆ.

ಚೀಟಿ ಕಳೆದಿದ್ದರೆ ವೈದ್ಯರನ್ನು ಕೇಳಿ ಲಸಿಕೆಯನ್ನು ಮತ್ತೆ ಹಾಕಿಸಿಕೊಳ್ಳಬಹುದು. ಮೊದಲೇ ರಕ್ಷಣೆಯುಳ್ಳವಳಿಗೂ ಅದರಿಂದ ಕೇಡಿಲ್ಲ. ಇದು ಸಜೀವ ವೈರಾಣುವನ್ನು ಬಲಗುಂದಿಸಿ ಮಾಡಿದ ಲಸಿಕೆಯಾದುದರಿಂದ ಗರ್ಭಿಣಿಗೆ ಮಾತ್ರ ಕೊಡತಕ್ಕದ್ದಲ್ಲ. ಅಂಥವಳ ಮನೆಗೆ ದಡಾರವು ಹೊಕ್ಕರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಚೀಟಿಯಿಲ್ಲದವಳಿಗೆ ಆ ಹೊತ್ತಿನಲ್ಲಿ ರಕ್ತಪರೀಕ್ಷೆಯೇ ದಾರಿ ತೋರಿಸುವುದು.