ಖಿನ್ನತೆಯ ಚೀಟಿಯ ಹಿಂದೆ ಅಡಗಿದ ಇನ್ನೊಂದು ಕಾಯಿಲೆ

ಖಿನ್ನತೆಗೆಂದು ಮಾತ್ರೆ ನುಂಗುತ್ತಿರುವವರಲ್ಲಿ ಕೆಲವರಿಗೆ ಇರುವುದು ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ಕಾಲ ಕುಸಿದು ಮತ್ತೆ ಕೆಲವು ಕಾಲ ಮಿತಿಮೀರಿ ಉಕ್ಕುವ ಕಾಯಿಲೆ ಎಂಬುದು ಮನೋವೈದ್ಯರಿಗೆ ಹಳೆಯ ತಿಳಿವಳಿಕೆಯಾದರೂ, ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಂಥ ಊರುಗಳ ಮನೆಗಳಿಗೆ ಅದು ತಲುಪುವಷ್ಟರಲ್ಲಿ ಅನೇಕ ವರ್ಷಗಳು ಕಳೆದಿರುತ್ತವೆ. ಇಂಥ ರೋಗಿಯೊಡನೆ ಬದುಕಿದವರ ಅನುಭವ ಕಲಿಸಿದ ಮೊದಲ ಪಾಠವೆಂದರೆ, ರೋಗಿ ವೈದ್ಯರ ಬಳಿ ಹೋಗುವುದು ಕುಸಿದಾಗ ಮಾತ್ರ. ಉಕ್ಕಿದ ದಿನಗಳನ್ನು ಅವನೂ ಕಾಯಿಲೆಯೆಂದು ಬಗೆಯುವುದಿಲ್ಲ, ಮನೆಯವರೂ ಬಗೆಯುವುದಿಲ್ಲ.

ಆ ಉಕ್ಕಿನ ಲಘು ರೂಪಕ್ಕೆ ಹೈಪೊಮೇನಿಯಾ, ಅಂದರೆ ಲಘು ಉನ್ಮಾದ, ಎಂಬ ಹೆಸರಿದೆ. ಕನಿಷ್ಠ 4 ದಿನ ಎಡೆಬಿಡದೆ ಇರುವ ಈ ಸ್ಥಿತಿಯಲ್ಲಿ ಎರಡು ಮೂರು ತಾಸು ಮಲಗಿದರೂ ದಣಿವಾಗುವುದಿಲ್ಲ, ಮಾತು ನಿಲ್ಲುವುದಿಲ್ಲ, ಯೋಜನೆಗಳು ಒಂದರ ಮೇಲೊಂದು ಹುಟ್ಟುತ್ತವೆ, ಹಣ ಕೈಯಲ್ಲಿ ನಿಲ್ಲುವುದಿಲ್ಲ. ಹತ್ತಿ, ತೊಗರಿ, ಭತ್ತವನ್ನು ನೆಚ್ಚಿದ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸೀಮೆಯಲ್ಲಿ ಸಾಲ ತಂದು ಹೊಲ ಲಾವಣಿ ಹಿಡಿಯುವವನನ್ನು ಊರು ಧೈರ್ಯವಂತನೆಂದು ಹೊಗಳುತ್ತದೆ. ರಾತ್ರಿಯಿಡೀ ಹಾಡಿ ಕುಣಿಯುವ ಹೆಂಗಸಿಗೆ ದೇವರು ಮೈಮೇಲೆ ಬಂದಿದೆ ಎನ್ನುತ್ತದೆ. ಭಕ್ತಿಯೆಲ್ಲ ಕಾಯಿಲೆಯಲ್ಲ, ಸಾಹಸವೆಲ್ಲ ಉನ್ಮಾದವಲ್ಲ. ಆದರೆ ಅದೇ ವ್ಯಕ್ತಿ ಕೆಲವು ತಿಂಗಳ ಬಳಿಕ ಹಾಸಿಗೆ ಬಿಟ್ಟೇಳದಂತಾದರೆ ಎರಡನ್ನೂ ಕೂಡಿಸಿ ನೋಡಬೇಕಾಗುತ್ತದೆ. ಗುಳೆ ಹೋಗುವ ಕುಟುಂಬಗಳಲ್ಲಿ ಈ ಕೂಡಿಕೆ ಇನ್ನಷ್ಟು ಕಷ್ಟ, ಏಕೆಂದರೆ ಉಕ್ಕಿದ ದಿನಗಳು ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಕಳೆದು, ಕುಸಿದ ಮನುಷ್ಯ ಮಾತ್ರ ಊರಿಗೆ ಮರಳುತ್ತಾನೆ.

ಕಾಯಿಲೆ ಹೀಗೆ ಗುರುತಾಗದೆ ಉಳಿಯುವುದರ ಅಪಾಯ ಸಣ್ಣದಲ್ಲ. ಮನಸ್ಸಿನ ಏರಿಳಿತವನ್ನು ಹತೋಟಿಯಲ್ಲಿಡುವ ಔಷಧವಿಲ್ಲದೆ ಬರಿಯ ಖಿನ್ನತೆಯ ಮಾತ್ರೆ ಕೊಟ್ಟಾಗ ಕೆಲವರು ನೇರವಾಗಿ ಉನ್ಮಾದಕ್ಕೆ ಜಾರುತ್ತಾರೆ. ಆದ್ದರಿಂದ ಚೀಟಿ ಬರೆಯುವ ಮುನ್ನವೇ ತಪಾಸಣೆ ನಡೆಯಬೇಕು. ಅಮೆರಿಕದ ಮನೋವೈದ್ಯ ರಾಬರ್ಟ್ ಹಿರ್ಷ್‌ಫೆಲ್ಡ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಇದಕ್ಕೊಂದು ಸಾಧನ: ಅದರ 13 ಲಕ್ಷಣಗಳಲ್ಲಿ 7 ಅಥವಾ ಹೆಚ್ಚಿನವಕ್ಕೆ ಹೌದೆಂಬ ಉತ್ತರ ಬಂದು, ಅವು ಒಂದೇ ಕಾಲದಲ್ಲಿ ಕಾಣಿಸಿಕೊಂಡು, ಬದುಕಿಗೆ ತೊಂದರೆ ತಂದಿದ್ದರೆ ಮನೋವೈದ್ಯರು ವಿವರವಾಗಿ ಪರೀಕ್ಷಿಸಬೇಕು. ಅದು ರೋಗನಿರ್ಣಯವಲ್ಲ, ಲಘು ಉನ್ಮಾದವನ್ನು ಎಷ್ಟೋ ಸಲ ಹಿಡಿಯುವುದೂ ಇಲ್ಲ. ಕಾಗದಕ್ಕಿಂತ ಬಾಯಿಮಾತೇ ಇಲ್ಲಿ ಹೆಚ್ಚು ಫಲ ಕೊಡುತ್ತದೆ. "ನಿದ್ದಿ ಮಾಡದಿದ್ರೂ ದಣಿವಾಗಲಾರದ ದಿನ ಇದ್ವೇನು?" ಎಂದು ರೋಗಿಯನ್ನು ಮಾತ್ರವಲ್ಲದೆ ಹೆಂಡತಿಯನ್ನು, ಅಣ್ಣನನ್ನು, ಗುಳೆಯಲ್ಲಿ ಜೊತೆಗಿದ್ದವರನ್ನು ಕೇಳಬೇಕು. ವಂಶದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ, ಖಿನ್ನತೆ ಹರೆಯದಲ್ಲೇ ಶುರುವಾಯಿತೇ, ಹೆರಿಗೆಯ ನಂತರದ ವಾರಗಳಲ್ಲಿ ಮನಸ್ಸು ಕದಡಿತ್ತೇ ಎಂಬವೂ ಬಿಡಬಾರದ ಪ್ರಶ್ನೆಗಳು.

ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇದು ಆಗದ ಮಾತು ಎನ್ನುವವರಿಗೆ ನೆರೆಯ ಬಳ್ಳಾರಿಯೇ ಉತ್ತರ. 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅಲ್ಲಿ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು, ತರಬೇತಿ ಪಡೆದ ಸಾಮಾನ್ಯ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಮಾನಸಿಕ ರೋಗಿಗಳನ್ನು ಗುರುತಿಸಿ ನೋಡಿಕೊಳ್ಳಬಲ್ಲರೆಂದು ತೋರಿಸಿತು. 1996ರಲ್ಲಿ ದೇಶದ ಇತರ ಜಿಲ್ಲೆಗಳಿಗೆ ಹರಡತೊಡಗಿದ್ದು ಅದೇ ಮಾದರಿ.

ಕಾಯಿಲೆ ಗೊತ್ತಾದ ಮೇಲೆಯೂ ಈ ನಾಡಿನ ಬಿಸಿಲನ್ನು ಮರೆಯುವಂತಿಲ್ಲ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಉನ್ಮಾದಕ್ಕೆ ಪರಿಣಾಮಕಾರಿಯೆಂದು ತೋರಿಸಿದ ಲಿಥಿಯಂ ಇಂದಿಗೂ ಉತ್ತಮ ಔಷಧವೇ. ಆದರೆ ಬೇಸಿಗೆಯ ಹೊಲದಲ್ಲಿ ಬೆವರಿ ಮೈಯ ನೀರು ಬತ್ತಿದಾಗ, ಅಥವಾ ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗಿದಾಗ ಅದು ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಬಹುದು. ನಿಯಮಿತ ರಕ್ತಪರೀಕ್ಷೆ ಇಲ್ಲದೆ ಅದನ್ನು ಕೊಡುವುದು ಸರಿಯಲ್ಲ.

ಈಗ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನೋದಿ ತಾವಾಗಿ ಮಾತ್ರೆ ನಿಲ್ಲಿಸಬಾರದು. ಮುಂದಿನ ಭೇಟಿಗೆ ಮನೆಯವರೊಬ್ಬರನ್ನು ಕರೆದೊಯ್ದು, ಉಕ್ಕಿದ ದಿನಗಳ ಕಥೆಯನ್ನೂ ವೈದ್ಯರ ಮುಂದಿಡಲಿ. ಅಲ್ಲಿಯವರೆಗೆ ಆತಂಕವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.